ಪುಟ್ಟ ಮನೆ, ಸೌದೆ ಒಲೆ, ಕರೆಂಟ್ ಹೀಟರ್: ಎರಡನ್ನೂ ಜೊತೆಗೆ ನಡೆಸೋದು ಹೇಗೆ?

ಗೂಡುಮನೆ

ಮನೆ 44 ಚದರ ಮೀಟರ್. ಅಡುಗೆಕಟ್ಟೆಯೂ ಸೇರಿದ ಒಂದು ಹಾಲ್, ಒಂದು ಮಲಗೋ ಕೋಣೆ, ಟೇಬಲ್ ಹಾಕಿಕೊಂಡು ಕೆಲಸ ಮಾಡುವಷ್ಟು ಇನ್ನೊಂದು ಚಿಕ್ಕ ಕೋಣೆ, ಬಚ್ಚಲು. ಗೋಡೆಗೆ ಹಾಕಿದ ಕರೆಂಟ್ ಹೀಟರ್‌ಗಳಿವೆ: ಹಾಲ್‌ನಲ್ಲಿ 1500 ವ್ಯಾಟ್, ಮಲಗೋ ಕೋಣೆಯಲ್ಲಿ 1000, ಚಿಕ್ಕ ಕೋಣೆಯಲ್ಲಿ 750, ಬಚ್ಚಲಲ್ಲಿ 500. ನಾಲ್ಕಕ್ಕೂ ಸೇರಿ ಒಂದೇ ಥರ್ಮೋಸ್ಟಾಟ್, ಅದೂ ಹಾಲ್‌ನ ಗೋಡೆ ಮೇಲೆ.

ಚಳಿಗಾಲದ ಶುರುವಿಗೆ, ಯಾರೋ ಬಳಸಿ ಬಿಟ್ಟಿದ್ದ 7 ಕಿಲೋವ್ಯಾಟಿನ ಸೌದೆ ಒಲೆ ಸಿಕ್ಕಿತು ಅಂತ ಹಾಲ್‌ನಲ್ಲಿ ಕೂರಿಸಿದೆ. ಚಿಮಣಿ ಹೊಸದು, ತಿಳಿದವರ ಕೈಯಲ್ಲೇ ಹಾಕಿಸಿದ್ದು. ಕರೆಂಟ್ ಖರ್ಚು ಅರ್ಧಕ್ಕೆ ಇಳಿಯುತ್ತೆ ಅಂದುಕೊಂಡಿದ್ದೆ. ಆಗಿದ್ದೇ ಬೇರೆ. ಒಲೆ ಹಚ್ಚಿ ಒಂದೂವರೆ ಗಂಟೆಗೆ ಹಾಲ್ 28 ಡಿಗ್ರಿ, ಬನಿಯನ್ನಿನಲ್ಲಿ ಕೂತು ಬೆವರೋದು. ಅದೇ ಹೊತ್ತಿಗೆ ಮಲಗೋ ಕೋಣೆ 13. ಹಾಸಿಗೆ ಮುಟ್ಟಿದರೆ ಒದ್ದೆ ಬಟ್ಟೆ ಮುಟ್ಟಿದ ಹಾಗಿರುತ್ತೆ. ರಾತ್ರಿ ಒಲೆ ಆರುತ್ತೆ, ಬೆಳಗಿನ ಜಾವ ಮೂರಕ್ಕೆ ನಾಲ್ಕೂ ಹೀಟರ್ ಒಟ್ಟಿಗೆ ಹೊತ್ತಿಕೊಂಡು ಬೆಳಕಾಗುವವರೆಗೂ ಓಡುತ್ತವೆ. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ ಅನ್ನೋ ಕಂಬಳಿ ಕಥೆ.

ನನಗೆ ತೋಚಿದ್ದು: ಮಲಗುವಾಗ ಒಲೆ ತುಂಬ ಸೌದೆ ಇಟ್ಟು, ಗಾಳಿ ಬಾಗಿಲು ಮುಚ್ಚಿಬಿಟ್ಟರೆ ಬೆಳಗಿನವರೆಗೂ ಮೆಲ್ಲಗೆ ಉರಿಯುತ್ತಲ್ಲ? ಹಾಗೆ ಮಾಡೋರು ಇದ್ದೀರಾ?

ತಂತಿಮೇಷ್ಟ್ರು

ಮೊದಲು ಒಲೆ ಬಿಡಿ, ಥರ್ಮೋಸ್ಟಾಟ್ ನೋಡಿ. ನಿಮ್ಮ ಮನೆಯಲ್ಲಿ ಚಳಿ ಅಳೆಯೋ ಕಣ್ಣು ಒಂದೇ, ಅದು ಬೆಂಕಿಯ ಎದುರಿಗೇ ಕೂತಿದೆ. ಅದಕ್ಕೆ 28 ಕಾಣುತ್ತೆ, ಇಡೀ ಮನೆ ಬೆಚ್ಚಗಿದೆ ಅಂದುಕೊಂಡು ಮಲಗೋ ಕೋಣೆಯ ಹೀಟರ್ ಕೂಡ ಆರಿಸುತ್ತೆ. ಅಂದರೆ ಒಲೆ ಹಚ್ಚಿದ್ದಕ್ಕೇ ನಿಮ್ಮ ಮಲಗೋ ಕೋಣೆ ತಣ್ಣಗಾಗ್ತಿದೆ. ಒಲೆ ಇಲ್ಲದ ದಿನ ಆ ಕೋಣೆ ಎಷ್ಟಿರ್ತಿತ್ತು ನೆನಪು ಮಾಡಿಕೊಳ್ಳಿ.

ಪ್ರತಿ ಕೋಣೆಗೂ ಅದರದ್ದೇ ಥರ್ಮೋಸ್ಟಾಟ್ ಬೇಕು. ಹೀಟರ್‌ನಲ್ಲೇ ಒಳಗೆ ಇದ್ದರೆ ಅದನ್ನೇ ಬಳಸಿ, ಹಾಲ್‌ನದ್ದನ್ನು ಹಾಲ್‌ಗೆ ಮಾತ್ರ ಬಿಡಿ. ಈ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ನಾಲ್ಕೂ ಸೇರಿ 3750 ವ್ಯಾಟ್, 230 ವೋಲ್ಟಿನಲ್ಲಿ 16 ಆಂಪಿಯರ್ ದಾಟುತ್ತೆ. ಎಲ್ಲ ಒಂದೇ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳೋ ಸ್ವಿಚ್) ಮೇಲಿದ್ದರೆ ಅದನ್ನೂ ನೋಡಿಸಬೇಕು.

ಇನ್ನೊಂದು ಮಾತು. ಅಲ್ಲಿಯವರೆಗೆ ಅಂತ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಅದಕ್ಕೆ ಎರಡು ಕಿಲೋವ್ಯಾಟಿನ ಫ್ಯಾನ್ ಹೀಟರ್ ಸಿಕ್ಕಿಸಬೇಡಿ. ಗಂಟೆಗಟ್ಟಲೆ ಎಂಟೂವರೆ ಆಂಪಿಯರ್ ಎಳೆದರೆ ಸಡಿಲ ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಕಂದುಗಟ್ಟುತ್ತೆ, ಆಮೇಲೆ ವಾಸನೆ, ಆಮೇಲೆ ಬೆಂಕಿ. ಸುಟ್ಟ ಪ್ಲಗ್ಗುಗಳ ಒಂದು ಡಬ್ಬ ನನ್ನ ಹತ್ತಿರ ಇದೆ. ಕೆಲಸಕ್ಕೆ ಹೋದಲ್ಲಿ ತೋರಿಸೋಕೆ ಇಟ್ಟುಕೊಂಡಿದ್ದೀನಿ.

ಬೂದಿಮುಚ್ಚಿದಕೆಂಡ

ಗಾಳಿ ಮುಚ್ಚಿ ರಾತ್ರಿಯಿಡೀ ಹೊಗೆಯಾಡಿಸೋ ವಿಚಾರವನ್ನು ಇವತ್ತೇ ಬಿಟ್ಟುಬಿಡಿ. ಹದಿನಾಲ್ಕು ಚಳಿಗಾಲ ಸೌದೆ ಉರಿಸಿದ್ದೀನಿ, ಮೊದಲ ಎರಡು ವರ್ಷ ನಾನೂ ಅದನ್ನೇ ಮಾಡಿದ್ದು, ಅದಕ್ಕೇ ಹೇಳ್ತೀನಿ. ಸೌದೆಯ ಶಾಖದಲ್ಲಿ ದೊಡ್ಡ ಪಾಲು ಇರೋದು ಅದರಿಂದ ಹೊರಡೋ ಅನಿಲದಲ್ಲಿ. ಗಾಳಿಯೂ ಬಿಸಿಯೂ ಸಾಕಷ್ಟಿದ್ದರೆ ಆ ಅನಿಲ ಜ್ವಾಲೆಯಾಗಿ ಉರಿಯುತ್ತೆ. ಗಾಳಿ ಕಿತ್ತುಕೊಂಡರೆ ಉರಿಯದೆ ಹೊಗೆಯಾಗಿ ಚಿಮಣಿ ಹತ್ತುತ್ತೆ, ಅರ್ಧ ದಾರಿಯಲ್ಲಿ ತಣ್ಣಗಾಗಿ ಟಾರಿನ ಹಾಗೆ ಗೋಡೆಗೆ ಅಂಟುತ್ತೆ. ಗಾಜು ಕಪ್ಪು, ಚಿಮಣಿ ಕಪ್ಪು, ಬೆಳಿಗ್ಗೆ ಮನೆ ಹೇಗೂ ತಣ್ಣಗೇ.

ಒಲೆ ಒಂದು ರೀತಿಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ: ಚಿಕ್ಕ ಬೆಂಕಿ, ಜೋರು ಬೆಂಕಿ, ಬೇಗ ಮುಗಿಯೋ ಬೆಂಕಿ. ಅದನ್ನು ಮೆಲ್ಲಗೆ ನಡೆಸೋಕೆ ಆಗಲ್ಲ. ಹೀಟರ್ ಹಾಗಲ್ಲ, 200 ವ್ಯಾಟ್ ಬೇಕು ಅಂದರೆ ಆಗಾಗ ಆನ್ ಆಗಿ ಆಫ್ ಆಗಿ ಸರಾಸರಿ ಅಷ್ಟನ್ನೇ ಕೊಡುತ್ತೆ. ಹಾಗಾಗಿ ಮೆಲ್ಲಗೆ ನಡೆಯೋ ಕೆಲಸವೆಲ್ಲ ಹೀಟರ್‌ಗೆ, ಜೋರು ಕೆಲಸ ಒಲೆಗೆ. ನಮ್ಮ ಮನೆಯಲ್ಲಿ ಹೀಟರ್‌ಗಳು ಎಲ್ಲ ಕೋಣೆಯಲ್ಲೂ 16ಕ್ಕೆ ನಿಂತಿರ್ತವೆ, ಹಗಲೂ ರಾತ್ರಿ. ಅದು ನೆಲಗಟ್ಟು, ಮನೆ ಅದಕ್ಕಿಂತ ಕೆಳಗೆ ಇಳಿಯಲ್ಲ. ಸಂಜೆ ಬೆಂಕಿ ಹಾಕಿದಾಗ ಹಾಲ್ 21, 22 ಆಗುತ್ತೆ, ಹೀಟರ್ ತಾನೇ ಸುಮ್ಮನಾಗುತ್ತೆ. ಯಾರೂ ಯಾವ ಗುಂಡಿಯನ್ನೂ ಮುಟ್ಟಲ್ಲ. ಬೆಂಕಿ ಆರಿ ನಾಲ್ಕೈದು ಗಂಟೆ ಆದ ಮೇಲೆ ಎಲ್ಲೋ ಒಂದು ಕಡೆ ಟಿಕ್ ಅನ್ನುತ್ತೆ, ಅಷ್ಟೇ.

ನಿಮ್ಮದು ಈಗ 20ಕ್ಕೋ 21ಕ್ಕೋ ನಿಂತಿದೆ ಅಂತ ಅಂದಾಜು. ಅದಕ್ಕೇ ಬೆಳಗಿನ ಜಾವ ಅಷ್ಟು ಓಟ.

ಇನ್ನು ಒಲೆಯ ಗಾತ್ರ. 44 ಚದರ ಮೀಟರಿಗೆ 7 ಕಿಲೋವ್ಯಾಟ್ ಅಂದರೆ ಹೆಚ್ಚಾಯ್ತು ಅನ್ನಿಸುತ್ತೆ. ಅಂದಾಜು ಬೇಡ, ಅಳೆಯೋಣ. ಒಲೆ ಹಾಕುವ ಮೊದಲು ಅತಿ ಚಳಿಯ ಒಂದು ದಿನ ಮೀಟರ್ ಎಷ್ಟು ಯೂನಿಟ್ ಓಡಿತ್ತು? ಹೀಟರ್ ಬೇಡದ ಕಾಲದಲ್ಲಿ ದಿನಕ್ಕೆ ಎಷ್ಟು ಓಡುತ್ತೆ? ಆ ಚಳಿಯ ದಿನ ಹೊರಗಿನ ಸರಾಸರಿ ಎಷ್ಟಿತ್ತು?

ಗೂಡುಮನೆ

ಮೇಷ್ಟ್ರೇ, ಸರಿಯಾಗೇ ಹಿಡಿದಿರಿ. ಒಲೆ ಇಲ್ಲದಾಗ ಮಲಗೋ ಕೋಣೆ 19ಕ್ಕೆ ಇರ್ತಿತ್ತು. ಬಾಗಿಲಿನದ್ದೇ ತಪ್ಪು ಅಂತ ಇಷ್ಟು ದಿನ ಬಾಗಿಲನ್ನು ಬೈದುಕೊಂಡಿದ್ದೆ.

ಕೆಂಡದವರೇ, ಮೀಟರ್ ಬರೆದಿಟ್ಟುಕೊಳ್ಳೋ ಚಟ ನನಗಿದೆ. ಚಳಿಯ ದಿನ 51 ಯೂನಿಟ್, ಹೀಟರ್ ಇಲ್ಲದ ದಿನ 8. ಆ ದಿನ ಹೊರಗೆ ಸರಾಸರಿ ಮೈನಸ್ 3, ಒಳಗೆ 20. ಥರ್ಮೋಸ್ಟಾಟ್ ನಿಜಕ್ಕೂ 20ಕ್ಕೇ ಇತ್ತು.

ಬೂದಿಮುಚ್ಚಿದಕೆಂಡ

ಒಳ್ಳೆಯ ಚಟ. ಈಗ ಲೆಕ್ಕ. 51ರಲ್ಲಿ 8 ಕಳೆದರೆ 43 ಯೂನಿಟ್, ಅಂದರೆ 43 ಕಿಲೋವ್ಯಾಟ್-ಗಂಟೆ. 24 ಗಂಟೆಗೆ ಭಾಗಿಸಿದರೆ 1.8 ಕಿಲೋವ್ಯಾಟ್. ಒಳಗೂ ಹೊರಗೂ 23 ಡಿಗ್ರಿ ಅಂತರ, ಅಂದರೆ ಡಿಗ್ರಿಗೆ ಸುಮಾರು 78 ವ್ಯಾಟ್. ಹೊರಗೆ ಮೈನಸ್ 10 ಆದರೂ ನಿಮ್ಮ ಇಡೀ ಮನೆಗೆ ಬೇಕಾಗಿರೋದು 2.3 ಕಿಲೋವ್ಯಾಟ್ ಅಷ್ಟೇ. ಅದರ ಮೂರು ಪಟ್ಟು ಶಾಖವನ್ನು ಒಂದೇ ಕೋಣೆಯಲ್ಲಿ ಸುರಿದು, ಯಾಕೆ ಬೆವರ್ತೀನಿ ಅಂತ ಕೇಳ್ತಿದ್ದೀರಿ.

ಒಣ ಸೌದೆ ಒಂದು ಕಿಲೋಗೆ ಸುಮಾರು 4 ಯೂನಿಟ್ ಶಾಖ. ಒಲೆ 70 ಪರ್ಸೆಂಟ್ ದಕ್ಷತೆಯದ್ದು ಅಂದರೂ 2.8 ಯೂನಿಟ್ ಮನೆಗೆ ಸಿಗುತ್ತೆ. ಒಂದೂವರೆ ಕಿಲೋ ಹಾಕಿದರೆ 4.2 ಯೂನಿಟ್. ಅದು ಒಂದು ಗಂಟೆಯಲ್ಲಿ ಉರಿದುಹೋಗುತ್ತೆ, ಆದರೆ ನಿಮ್ಮ ಮನೆ ಅದನ್ನು ಖರ್ಚು ಮಾಡೋಕೆ ಎರಡು ಗಂಟೆಗಿಂತ ಹೆಚ್ಚು ಬೇಕು. ಹಾಗಾದರೆ ಸಂಜೆ ಒಂದೂವರೆ ಕಿಲೋದ ಒಂದು ಹೊರೆ, ಅದು ಕೆಂಡಕ್ಕೆ ಬಂದ ಮೇಲೆ ಇನ್ನೊಂದು. ಸಾಕು. ಬೆಳಿಗ್ಗೆ ಬಿಡುವಿದ್ದರೆ ಇನ್ನೊಂದು ಸಲ ಹೀಗೇ. ಸೌದೆಯನ್ನು ಸಣ್ಣಗೆ ಸೀಳಿ, ಗಾಳಿಯನ್ನು ಕಡಿಮೆ ಮಾಡಬೇಡಿ. ಬೆಂಕಿ ಚಿಕ್ಕದಾಗಬೇಕು, ಮಂಕಾಗಬಾರದು.

ಹಚ್ಚೋ ಕ್ರಮವೂ ತಲೆಕೆಳಗಾಗಲಿ. ದಪ್ಪ ಸೀಳು ಕೆಳಗೆ, ಅದರ ಮೇಲೆ ಅಡ್ಡಕ್ಕೆ ಸಣ್ಣವು, ತುದಿಯಲ್ಲಿ ಬೆರಳುಗಾತ್ರದ ಪುರಳೆ, ಬೆಂಕಿ ಮೇಲಿಂದ. ಮೊದಲ ಸಲ ನೋಡೋರಿಗೆ ನಂಬಿಕೆ ಬರಲ್ಲ. ಜ್ವಾಲೆ ಮೇಲಿರೋದರಿಂದ ಕೆಳಗಿನ ಸೌದೆ ಬಿಡೋ ಅನಿಲ ಜ್ವಾಲೆಯ ಮೂಲಕವೇ ಹೋಗಬೇಕು, ಸುಟ್ಟೇ ಹೋಗುತ್ತೆ. ಐದು ನಿಮಿಷಕ್ಕೆ ಚಿಮಣಿ ತುದಿಯಲ್ಲಿ ಹೊಗೆ ಕಾಣಿಸೋದೇ ಕಡಿಮೆ.

ಕಿಟಕಿಪಕ್ಕ

ಎಲ್ಲರೂ ಒಲೆ ಸರಿಮಾಡೋದರಲ್ಲೇ ಇದ್ದೀರಿ, ಒಲೆ ಯಾಕೆ ಅಂತ ಯಾರೂ ಕೇಳ್ತಿಲ್ಲ. 1.8 ಕಿಲೋವ್ಯಾಟ್ ಬೇಕಾಗೋ ಮನೆ ಇದು. ಒಂದು ಸಣ್ಣ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಒಳಗೆ ಎಳೆದು ತರೋ, ಉಲ್ಟಾ ಓಡೋ ಎಸಿ ಥರದ್ದು) ಹಾಕಿದರೆ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಡುತ್ತೆ. 43ರ ಜಾಗದಲ್ಲಿ ಹದಿನಾಲ್ಕು, ಹದಿನೈದು. ಸೀಳೋದು ಬೇಡ, ಹೊರೋದು ಬೇಡ, ಬೂದಿ ಬೇಡ.

ಹೊಗೆ ಕಾಣಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಕಣ್ಣಿಗೆ ಬೀಳಲ್ಲ, ಶ್ವಾಸಕೋಶದ ತಳಕ್ಕೆ ನೇರ ಹೋಗ್ತವೆ. ನನ್ನ ಪಕ್ಕದ ಮನೆಯವರು ಹಸಿ ಸೌದೆ ಹಾಕಿ ಗಾಳಿ ಮುಚ್ಚಿ ಮಲಗ್ತಾರೆ. ಬೆಳಿಗ್ಗೆ ನಮ್ಮ ಮನೆ ಕಿಟಕಿ ತೆಗೆದರೆ ಪರದೆಗೆಲ್ಲ ಸುಟ್ಟ ವಾಸನೆ. ಮಗಳಿಗೆ ಉಬ್ಬಸ ಇದೆ. ಅದಕ್ಕೇ ಇಷ್ಟು ಕಾರವಾಗಿ ಬರೀತಿದ್ದೀನಿ, ಬೇಸರ ಬೇಡ.

ಬೂದಿಮುಚ್ಚಿದಕೆಂಡ

ಬೇಸರ ಏನಿಲ್ಲ, ನಿಮ್ಮ ಮಾತು ಸರಿ. ಹೀಟ್ ಪಂಪ್ ಹಾಕೋಕೆ ಗೋಡೆಯೂ ಅನುಮತಿಯೂ ಇದ್ದರೆ ನಾನೂ ಮೊದಲು ಅದನ್ನೇ ಹೇಳ್ತೀನಿ. ಆಗ ಒಲೆ ಇರೋದು ಕರೆಂಟ್ ಹೋದ ದಿನಕ್ಕೆ, ತೀರಾ ಕೊರೆಯೋ ನಾಲ್ಕು ವಾರಕ್ಕೆ, ಮತ್ತೆ ಮುಚ್ಚಿಡೋದು ಯಾಕೆ, ಬೆಂಕಿ ನೋಡ್ತಾ ಕೂರೋ ಆಸೆಗೆ. ಹೊರಗೆ ಮೈನಸ್ 10, 15 ಆದಾಗ ಹೀಟ್ ಪಂಪ್‌ನ ಆ ಮೂರು ಎರಡಕ್ಕೆ ಇಳಿಯುತ್ತೆ, ನಡುನಡುವೆ ಹೊರಗಿನ ಕಾಯಿಲ್‌ನ ಹಿಮ ಕರಗಿಸೋಕೆ ನಿಲ್ಲುತ್ತೆ. ಸರಿಯಾಗಿ ಅಂಥ ದಿನಕ್ಕೇ ಒಲೆ ಜೊತೆ ಕೊಡುತ್ತೆ.

ಆದರೆ ಪ್ರಶ್ನೆ ಕೇಳಿದವರ ಮನೆಯಲ್ಲಿ ಒಲೆ ಆಗಲೇ ಕೂತಿದೆ. ಕೂತ ಒಲೆಯನ್ನು ಪಕ್ಕದ ಮನೆಯ ಮಗುವಿಗೆ ತೊಂದರೆ ಆಗದ ಹಾಗೆ ಉರಿಸೋದು ಹೇಗೆ ಅನ್ನೋದೂ ಮುಖ್ಯ ಅಲ್ವಾ?

ಮಸಿಬಟ್ಟೆ

ಚಿಮಣಿ ತಿಕ್ಕೂ ಕೆಲಸ ನಂದು, ಹನ್ನೊಂದು ವರ್ಷ ಆತು. ಒಂದೀಟು ಹೇಳ್ತೀನಿ ಕೇಳ್ರಿ.

ಚಿಮಣಿ ಬಾಗಲಾ ತಗದ ಕೂಡಲೇ ಆ ಮನಿ ಮಂದಿ ಬೆಂಕಿ ಹೆಂಗ ಹಚ್ಚತಾರ ಅನ್ನೂದು ನನಗ ಗೊತ್ತಾಗತೈತಿ. ಬೂದು ಬಣ್ಣದ ಪುಡಿ ಮಸಿ ಇತ್ತಂದ್ರ ಛಲೋ, ಬ್ರಶ್ ಹಾಕಿದ್ರ ಉದರತೈತಿ. ಕರಿ ಹೆಕ್ಕಳಿಕಿ ಹಂಗ ಇತ್ತಂದ್ರ ಸೌದಿ ಹಸಿ ಐತಿ, ಇಲ್ಲಾ ಗಾಳಿ ಕಮ್ಮಿ ಕೊಡಾಕತ್ತಾರ. ಮೂರನೇದ್ದು ಕೆಟ್ಟದ್ದು: ಕರೇ ಗಾಜಿನ ಹಂಗ ಹೊಳಿತೈತಿ, ಉಗುರು ಹಾಕಿದ್ರ ಏಳೂದಿಲ್ಲ, ಬ್ರಶ್ಶಿಗೂ ಬಗ್ಗೂದಿಲ್ಲ. ಅದು ಕ್ರಿಯೊಸೋಟ್. ಅದಕ್ಕ ಕಿಡಿ ಬಿತ್ತಂದ್ರ ಚಿಮಣಿ ಒಳಗ ಸಾವಿರ ಡಿಗ್ರಿ ಮ್ಯಾಲ ಹೋಗತೈತಿ. ಮಂದಿ ಹೇಳೂದು, ರೈಲು ಬಂದಂಗ ಸಪ್ಪಳ ಆತು ಅಂತ. ಹಂಗಾದ್ರ ಗಾಳಿ ಬಾಗಲಾ ಎಲ್ಲಾ ಮುಚ್ಚಿ, ಮಂದೀನ ಹೊರಗ ಕರಕೊಂಡು, ಅಗ್ನಿಶಾಮಕದವರಿಗೆ ಫೋನ್ ಮಾಡ್ರಿ. ನೀರು ಸುರಿಯಾಕ ಹೋಗಬ್ಯಾಡ್ರಿ, ಕಾದ ಚಿಮಣಿ ಬಿರಿತೈತಿ.

ಹೊಗಿ ಕೊಳವಿಗೆ ಒಂದು ಮ್ಯಾಗ್ನೆಟ್ ಥರ್ಮಾಮೀಟರ್ ಅಂಟಿಸ್ರಿ. ಒಂದೇ ಪದರದ ಕೊಳವಿ ಮೈ ಮ್ಯಾಲ ಸುಮಾರು 120ರಿಂದ 250 ಡಿಗ್ರಿ ಇರಬೇಕು. ಅದಕ್ಕಿಂತ ಕೆಳಗ ಬಾಳ ಹೊತ್ತು ನಿಂತ್ರ ಟಾರು ಕೂಡತೈತಿ, ಮ್ಯಾಲ ಹೋದ್ರ ಶಾಖ ಎಲ್ಲಾ ಆಕಾಶಕ್ಕ.

ಸೌದಿ ವಿಚಾರ. ತೇವ ಅಳಿಯೂ ಮೀಟರ್ ತಗೊಂಡು ಹೊರಗಿನ ತೊಗಟಿಗೆ ಚುಚ್ಚಿ 15 ಪರ್ಸೆಂಟ್ ಐತಿ ಅಂತ ಖುಷಿ ಪಡತಾರ. ಹಂಗಲ್ಲ, ಸೀಳಿ ಒಳಗಿನ ಮುಖಕ್ಕ ಚುಚ್ರಿ. 20ರ ಕೆಳಗ ಇರಬೇಕು. ಅರ್ಧಕ್ಕರ್ಧ ನೀರಿರೂ ಹಸಿ ಸೌದಿ ಕಿಲೋಕ್ಕ ಎರಡು ಯೂನಿಟ್ ಚಿಲ್ರೆ ಅಷ್ಟ ಕೊಡತೈತಿ, ಒಣದ್ದು ನಾಕು. ಉಳಿದದ್ದು ನೀರು ಕುದಿಸಿ ಆವಿ ಮಾಡಾಕ ಹೋತು. ಸೀಳಿ, ಮ್ಯಾಲ ಅಷ್ಟ ಮುಚ್ಚಿ, ಬದಿ ಗಾಳಿ ಆಡೂಹಂಗ ಬಿಟ್ಟು ಒಂದು ವರ್ಷ, ಗಟ್ಟಿ ಮರ ಇದ್ರ ಎರಡು ವರ್ಷ. ಮೀಟರ್ ಇಲ್ಲಂದ್ರ ಎರಡು ಸೀಳು ಒಂದಕ್ಕೊಂದು ಬಡೀರಿ: ಒಣದ್ದು ಟಣ್ ಅಂತೈತಿ, ಹಸೀದು ದಪ್ ಅಂತೈತಿ. ಬಣ್ಣ ಹಚ್ಚಿದ್ದು, ಪ್ಲೈವುಡ್ಡು, ಔಷಧ ಹೊಡೆದ ಹಲಿಗಿ ಹಾಕಲೇಬ್ಯಾಡ್ರಿ.

ಗಾಳಿಗೂಡು

ಎಲ್ಲರೂ ಹೊಗೆ ಬಗ್ಗೆ ಹೇಳಿದಿರಿ. ನನ್ನ ಮನೆಯಲ್ಲಿ ಹೊಗೆಯೇ ಇಲ್ಲದೆ ಆಗಿದ್ದು ಹೇಳ್ತೀನಿ.

ನಮ್ಮದೂ ಪುಟ್ಟ ಮನೆ, ಹಾಲ್ ಅಡುಗೆಮನೆ ಒಂದೇ. ಕಿಟಕಿ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಹಾಕಿ ಬಿಗಿ ಮಾಡಿದ್ದೆ. ಒಂದು ರಾತ್ರಿ ಒಲೆಯಲ್ಲಿ ಜ್ವಾಲೆ ಮುಗಿದು ಕೆಂಡ ಮಾತ್ರ ಇತ್ತು. ಅಡುಗೆ ಒಲೆಯ ಮೇಲಿನ ಎಕ್ಸಾಸ್ಟ್ ಜೋರಾಗಿ ಹಾಕಿದೆ. ಹತ್ತು ನಿಮಿಷ ಆಗಿರಬಹುದು, ಕಾರ್ಬನ್ ಮಾನಾಕ್ಸೈಡ್ (ಅರೆಬರೆ ಉರಿದಾಗ ಹುಟ್ಟೋ ವಿಷಾನಿಲ) ಅಲಾರಂ ಕಿರುಚೋಕೆ ಶುರು. ನನಗೆ ಸ್ವಲ್ಪ ತಲೆಭಾರ ಇತ್ತು, ದಣಿವು ಅಂದುಕೊಂಡಿದ್ದೆ. ಕಿಟಕಿ ತೆಗೆದು ಎಲ್ಲರೂ ಹೊರಗೆ ಬಂದೆವು.

ಆಮೇಲೆ ಅರ್ಥವಾಗಿದ್ದು: ಒಲೆಗೆ ಬೇಕಾಗೋದು ಗಂಟೆಗೆ ಹತ್ತಿಪ್ಪತ್ತು ಘನ ಮೀಟರ್ ಗಾಳಿ. ಎಕ್ಸಾಸ್ಟ್ ಗಂಟೆಗೆ ನಾನೂರು ಎಳೀತಿತ್ತು. ಬಿಗಿ ಮನೆಯಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಚಿಮಣಿಯಿಂದಲೇ ವಾಪಸ್ ಬಂತು. ಕೆಂಡದ ಹೊತ್ತಿನಲ್ಲಿ ಚಿಮಣಿಯ ಎಳೆತ ಕಡಿಮೆ, ಮಾನಾಕ್ಸೈಡ್ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಅಂತಾರೆ. ಹೊಗೆಯಿಲ್ಲದ ಬೆಂಕಿಯ ಗಾದೆ ಯಾರೂ ಕಟ್ಟಿಲ್ಲ.

ಈಗ ಒಲೆಗೆ ಹೊರಗಿನಿಂದ ನೇರ ಗಾಳಿ ಕೊಳವೆ ಇದೆ, ಒಲೆ ಬಿಸಿ ಇರುವಾಗ ಎಕ್ಸಾಸ್ಟ್ ಹಾಕಲೇಬೇಕಾದರೆ ಕಿಟಕಿ ಒಂದಿಷ್ಟು ತೆಗೀತೀವಿ. ಅಲಾರಂ ಎರಡು, ಹಾಲ್‌ನಲ್ಲೊಂದು, ಮಲಗೋ ಕೋಣೆಯಲ್ಲೊಂದು, ಎರಡೂ ಬ್ಯಾಟರಿಯವು. ಅಲಾರಂ ಇಲ್ಲದೆ ಒಲೆ ಹಚ್ಚಬೇಡಿ. ಗೂಡುಮನೆಯವರೇ, ನಿಮ್ಮಲ್ಲಿ ಇದೆಯಾ?

ಗೂಡುಮನೆ

ಒಂದು ಇದೆ, ಹಾಲ್‌ನಲ್ಲಿ. ಇನ್ನೊಂದು ತರಿಸ್ತೀನಿ.

ಸದ್ಯ ಒಂದು ವಿಚಾರ ಮಾಡಿ ನೋಡಿದೆ. ಬಾಗಿಲು ತೆರೆದಿದ್ದರೂ ಬಿಸಿ ಯಾಕೆ ಕೋಣೆಗೆ ಹೋಗಲ್ಲ ಅಂತ ತೆಳು ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಬಾಗಿಲ ಚೌಕಟ್ಟಿನಲ್ಲಿ ಮೇಲಿಂದ ಕೆಳಗೆ ಹಿಡಿದು ನೋಡ್ತಾ ಬಂದೆ. ಮೇಲೆ ಅದು ಕೋಣೆಯೊಳಕ್ಕೆ ವಾಲುತ್ತೆ, ನಡುವೆ ಸುಮ್ಮನೆ ನೇತಾಡುತ್ತೆ, ಕಾಲ ಹತ್ತಿರ ಹಾಲ್ ಕಡೆಗೆ ವಾಲುತ್ತೆ. ಅಂದರೆ ಗಾಳಿ ತಾನೇ ಸುತ್ತು ಹಾಕ್ತಿದೆ, ಆದರೆ ನಿಧಾನ. ಇಷ್ಟು ದಿನ ನಾನು ಒಲೆ ಪಕ್ಕ ಫ್ಯಾನ್ ಇಟ್ಟು ಬಿಸಿಗಾಳಿಯನ್ನು ಕೋಣೆಗೆ ತಳ್ಳೋಕೆ ನೋಡ್ತಿದ್ದೆ. ಈಗ ಉಲ್ಟಾ ಮಾಡಿದೆ. ಸಣ್ಣ ಟೇಬಲ್ ಫ್ಯಾನನ್ನು ಮಲಗೋ ಕೋಣೆಯ ನೆಲದ ಮೇಲಿಟ್ಟು, ಹಾಲ್ ಕಡೆ ಮುಖ ಮಾಡಿ, ಅತಿ ನಿಧಾನದಲ್ಲಿ ಬಿಟ್ಟೆ. ತಣ್ಣಗಿನ ಗಾಳಿ ಕೆಳಗಿಂದ ಹೊರಗೆ, ಅದರ ಜಾಗಕ್ಕೆ ಬಿಸಿಗಾಳಿ ಮೇಲಿಂದ ಒಳಗೆ. ಎರಡು ಗಂಟೆಯಲ್ಲಿ ಕೋಣೆ 13ರಿಂದ 17, ಹಾಲ್ 27ರಿಂದ 24. ಫ್ಯಾನ್ ತಿನ್ನೋದು 20 ವ್ಯಾಟ್.

ತಂತಿಮೇಷ್ಟ್ರು

ಭಲೇ. ತಣ್ಣನೆ ಗಾಳಿ ಭಾರ, ಅದನ್ನು ತಳ್ಳೋದು ಸುಲಭ. ಆದರೆ ಥರ್ಮೋಸ್ಟಾಟ್ ಬೇರೆ ಮಾಡಿಸೋದನ್ನು ಮರೀಬೇಡಿ. ಹೊಸದನ್ನು ಒಲೆ ಕಾಣದ ಒಳಗೋಡೆಗೆ, ಎದೆಮಟ್ಟಕ್ಕೆ ಹಾಕಿಸಿ. ಒಲೆಯ ಶಾಖ ನೇರ ಬಿದ್ದರೆ ಗಾಳಿ 19 ಇದ್ದರೂ ಅದು 24 ಅಂತ ಓದುತ್ತೆ.

ಹೊಸಒಲೆ

ನಡುವೆ ಬಾಯಿ ಹಾಕ್ತಿದ್ದೀನಿ. ನಾವೂ ಇಂಥದ್ದೇ ಯೋಚನೆಯಲ್ಲಿದ್ದೀವಿ. ಒಲೆ ಹಿಂದೆ ನೀರಿನ ಬಾಯ್ಲರ್ ಇರೋದು ತಗೊಂಡು, ಪಂಪ್ ಹಾಕಿ ಕೋಣೆಗಳಿಗೆ ರೇಡಿಯೇಟರ್ ಕೊಟ್ಟರೆ? ಆಗ ಕರೆಂಟ್ ಹೀಟರೇ ಬೇಡವಲ್ಲ? ಇನ್ನೊಂದು: ರಾತ್ರಿ ಹೀಟರ್ ಇಳಿಸಿ ಬೆಳಿಗ್ಗೆ ಏರಿಸಿದರೆ ತಣ್ಣಗಾದ ಮನೆ ಬಿಸಿ ಮಾಡೋಕೆ ಹೆಚ್ಚೇ ಕರೆಂಟ್ ಹೋಗುತ್ತೆ ಅಂತಾರೆ, ನಿಜವಾ?

ತಂತಿಮೇಷ್ಟ್ರು

ಮೊದಲನೆಯದಕ್ಕೆ: ಬೆಂಕಿ ಜೋರಾಗಿರುವಾಗ ಕರೆಂಟ್ ಹೋಯ್ತು ಅಂದುಕೊಳ್ಳಿ. ಪಂಪ್ ನಿಲ್ಲುತ್ತೆ. ಸೌದೆಗೆ ಸ್ವಿಚ್ ಇಲ್ಲ. ಬಾಯ್ಲರ್ ಒಳಗಿನ ನೀರು ಕುದಿಯುತ್ತೆ. ಪಂಪ್ ಇಲ್ಲದೆಯೂ ತಾನೇ ಸುತ್ತೋ ಒಂದು ಸಾಲು, ಸೇಫ್ಟಿ ವಾಲ್ವ್, ಶಾಖ ಹೊರಹಾಕೋ ವ್ಯವಸ್ಥೆ, ಇವೆಲ್ಲ ಬೇಕೇ ಬೇಕು. ದೊಡ್ಡ ಮನೆಗೆ ಸರಿ. ಮೂರು ಕೋಣೆಗೆ ಅಷ್ಟೆಲ್ಲ ಯಾಕೆ? ಮರದ ಪುಡಿ ಒತ್ತಿ ಮಾಡಿದ ಗುಳಿಗೆ ಉರಿಸೋ ಪೆಲೆಟ್ ಒಲೆಗೂ ಇದೇ ಮಾತು, ಫ್ಯಾನೂ ಸ್ಕ್ರೂ ಮೋಟಾರೂ ಕರೆಂಟಿನವು, ಕರೆಂಟ್ ಹೋದರೆ ಅದೂ ಹೋಯ್ತು.

ಎರಡನೆಯದು ಸುಳ್ಳು. ಹೊರಗೆ ಸೋರೋ ಶಾಖ ಒಳಗೂ ಹೊರಗೂ ಇರೋ ಅಂತರಕ್ಕೆ ತಕ್ಕಷ್ಟು. ತಣ್ಣಗಿದ್ದ ಹೊತ್ತಿನಲ್ಲಿ ಸೋರದೆ ಉಳಿದದ್ದು ಉಳಿದದ್ದೇ. ಮೇಲಿನ ಮನೆಯಲ್ಲಿ 4 ಡಿಗ್ರಿ ಇಳಿಸಿ 8 ಗಂಟೆ ಬಿಟ್ಟರೆ ಹೆಚ್ಚೆಂದರೆ ಎರಡೂವರೆ ಯೂನಿಟ್ ಉಳಿಯುತ್ತೆ. ನಿಜದಲ್ಲಿ ಇನ್ನೂ ಕಡಿಮೆ, ಮನೆ ತಟ್ಟನೆ ತಣ್ಣಗಾಗಲ್ಲವಲ್ಲ. ಹೀಟ್ ಪಂಪ್ ಇದ್ದೋರು ಮಾತ್ರ ತುಂಬ ಇಳಿಸಬೇಡಿ, ಬೆಳಿಗ್ಗೆ ಒಮ್ಮೆಲೇ ಏರಿಸುವಾಗ ಕೆಲವು ಮಾದರಿಗಳು ಒಳಗಿನ ಮಾಮೂಲಿ ಹೀಟರ್ ಹಚ್ಚಿಬಿಡ್ತವೆ.

ಎಣ್ಣೆ ತುಂಬಿದ್ದು, ಫ್ಯಾನಿನದ್ದು, ಇನ್‌ಫ್ರಾರೆಡ್, ಇವುಗಳಲ್ಲಿ ಯಾವುದು ಕರೆಂಟ್ ಉಳಿಸುತ್ತೆ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. ಒಂದು ಯೂನಿಟ್ ಕೊಟ್ಟರೆ ಎಲ್ಲವೂ ಒಂದೇ ಯೂನಿಟ್ ಶಾಖ ಕೊಡ್ತವೆ. ಪೆಟ್ಟಿಗೆ ಮೇಲೆ ಏನು ಬರೆದಿದ್ದರೂ ಸರಿ.

ಕಿಟಕಿಪಕ್ಕ

16ಕ್ಕೆ ಇಳಿಸೋರಿಗೆ ಒಂದು ಎಚ್ಚರಿಕೆ. ಬೆಚ್ಚಗಿನ ಹಾಲ್‌ನ ತೇವಭರಿತ ಗಾಳಿ ತಣ್ಣನೆ ಕೋಣೆಗೆ ಹೋಗಿ ಹೊರಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ ಕೂರುತ್ತೆ. ಗೋಡೆ ಮೈಯಲ್ಲಿ ತೇವಾಂಶ 80 ಪರ್ಸೆಂಟ್ ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು. ಹಾಲ್‌ನಲ್ಲಿ ಬಟ್ಟೆ ಒಣಗಿಸಿ ಮಲಗೋ ಕೋಣೆ 13ಕ್ಕೆ ಬಿಟ್ಟರೆ ಖಂಡಿತ ಬರುತ್ತೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ದಿನಕ್ಕೆರಡು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆಗೀರಿ.

ಗೂಡುಮನೆ

ಬೀರು ಸರಿಸಿ ನೋಡಿದೆ. ಹಿಂದೆ ಅಂಗೈಯಗಲ ಕಪ್ಪು. ಧನ್ಯವಾದ ಅನ್ನಬೇಕೋ ಬೇಜಾರಾಗಬೇಕೋ ಗೊತ್ತಾಗ್ತಿಲ್ಲ.

ಗೂಡುಮನೆ (ಮೂರು ವಾರದ ನಂತರ)

ಹೇಳಿದ್ದೆಲ್ಲ ಮಾಡಿದೆ, ಬಂದದ್ದನ್ನು ಬರೀತೀನಿ.

ನಾಲ್ಕು ಕೋಣೆಗೆ ನಾಲ್ಕು ಥರ್ಮೋಸ್ಟಾಟ್ ಆಯ್ತು. ಹಾಲ್ 16, ಮಲಗೋ ಕೋಣೆ 17, ಚಿಕ್ಕ ಕೋಣೆ ಕೆಲಸದ ಹೊತ್ತಿಗೆ 19, ಉಳಿದಂತೆ 15. ಸಂಜೆ ಒಂದೂವರೆ ಕಿಲೋದ ಎರಡು ಹೊರೆ, ಬೆಳಿಗ್ಗೆ ಒಂದು. ತಕ್ಕಡಿಯಲ್ಲಿ ತೂಗಿಯೇ ಹಾಕ್ತಿದ್ದೀನಿ, ಮನೆಯವರು ನಗ್ತಾರೆ. ಹಾಲ್ 23 ದಾಟಿಲ್ಲ. ಮೊದಲಿನಷ್ಟೇ ಚಳಿಯ ಒಂದು ದಿನ ಮೀಟರ್ ನೋಡಿದೆ: ಹೀಟರ್‌ಗಳ ಪಾಲು 43ರಿಂದ 29ಕ್ಕೆ ಇಳಿದಿದೆ. ನಾಲ್ಕೂವರೆ ಕಿಲೋ ಸೌದೆಗೆ ಹನ್ನೆರಡೂವರೆ ಯೂನಿಟ್ ಅಂತ ಲೆಕ್ಕ ಹಾಕಿದ್ದೆವು. ಉಳಿದದ್ದು ಥರ್ಮೋಸ್ಟಾಟ್ ಇಳಿಸಿದ್ದರಿಂದ ಇರಬೇಕು, ಸೂರ್ಯನೂ ಒಂದಿಷ್ಟು ಕೊಟ್ಟಿರಬಹುದು. ಅರ್ಧ ಅಲ್ಲ, ಮೂರನೇ ಒಂದು ಪಾಲು. ಇರಲಿ.

ಸೌದೆಯಲ್ಲಿ ಒಂದು ಸಾಲು ಸೀಳಿ ನೋಡಿದರೆ ತೇವ 27 ಬಂತು. ಒಣಗಿದ್ದು ಅಂತಲೇ ಕೊಟ್ಟಿದ್ದರು. ಅದನ್ನು ಮುಂದಿನ ವರ್ಷಕ್ಕೆ ಬೇರೆ ಒಟ್ಟಿದ್ದೀನಿ.

ಒಲೆ ದೊಡ್ಡದೇ, ಚಿಕ್ಕ ಬೆಂಕಿಗೆ ಗಾಜಿನ ಮೂಲೆಗಳು ಇನ್ನೂ ಮಸಿ ಹಿಡೀತವೆ. ಹಿಂದೆ ಇಟ್ಟಿಗೆ ಗೋಡೆ ಕಟ್ಟಿಸಿದರೆ ಶಾಖ ಹಿಡಿದಿಡುತ್ತಾ?

ಬೂದಿಮುಚ್ಚಿದಕೆಂಡ

ಹಿಡಿದಿಡುತ್ತೆ, ಆದರೆ ಕಡಿಮೆ. 300 ಕಿಲೋ ಇಟ್ಟಿಗೆ 40 ಡಿಗ್ರಿ ಏರಿದರೆ ಮೂರು ಯೂನಿಟ್‌ಗೂ ಕಡಿಮೆ. ಒಲೆಯ ಹಿಂದಿನ ಗೋಡೆ ಅಷ್ಟು ಕಾಯೋದೂ ಅನುಮಾನ. ಮೊದಲು ನೆಲ ಆ ಭಾರ ತಡೆಯುತ್ತಾ ನೋಡಿಸಿ, ಮರದ ನೆಲ ಆದರೆ ಬೇಡವೇ ಬೇಡ. ದುಡ್ಡು ಖರ್ಚು ಮಾಡೋದೇ ಆದರೆ ಒಲೆ ಮಾರಿ 4 ಕಿಲೋವ್ಯಾಟಿನದ್ದು ಹಾಕಿಸಿ.

ಒಂದು ವಿಷಯ ನೀವು ಬರೆದಿಲ್ಲ. ಬೂದಿ ಎಲ್ಲಿ ಹಾಕ್ತಿದ್ದೀರಿ?

ಗೂಡುಮನೆ

ಬಕೆಟ್‌ನಲ್ಲಿ. ಹಿಂದಿನ ಬಾಗಿಲ ಹತ್ತಿರ, ಮರದ ಜಗಲಿ ಮೇಲೆ. ಯಾಕೆ?

ಬೂದಿಮುಚ್ಚಿದಕೆಂಡ

ನನ್ನ ಹೆಸರು ಗಾದೆಯಿಂದ ಇಟ್ಟುಕೊಂಡದ್ದು ಅಂದುಕೊಂಡಿರಾ? ಎರಡನೇ ಚಳಿಗಾಲ ನಾನೂ ಹಾಗೇ ಇಟ್ಟಿದ್ದೆ, ಪ್ಲಾಸ್ಟಿಕ್ ಬಕೆಟ್ಟು. ಬೂದಿ ಬೆರಳಿಗೆ ತಣ್ಣಗೇ ಇತ್ತು. ಎರಡನೇ ದಿನ ಬೆಳಿಗ್ಗೆ ನೋಡಿದರೆ ಬಕೆಟ್ ತಳ ಇಲ್ಲ, ಜಗಲಿಯಲ್ಲಿ ತಟ್ಟೆಯಗಲ ದುಂಡನೆ ತೂತು, ಅಂಚು ಇನ್ನೂ ಕೆಂಪಗೆ ಮಿನುಗ್ತಿತ್ತು. ಆ ರಾತ್ರಿ ಗಾಳಿ ಇರಲಿಲ್ಲ, ಬದುಕಿಕೊಂಡೆವು. ಬೂದಿಯೊಳಗಿನ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರುತ್ತೆ. ತಗಡಿನ ಬಕೆಟ್, ತಗಡಿನದ್ದೇ ಮುಚ್ಚಳ, ಕಲ್ಲಿನ ಮೇಲೆ, ಮನೆಯಿಂದ ದೂರ.

ಗೂಡುಮನೆ

ಈಗಷ್ಟೇ ಎದ್ದು ಹೋಗಿ ಕಲ್ಲಿನ ಮೇಲೆ ಇಟ್ಟು ಬಂದೆ. ನಮ್ಮದು ತಗಡಿನದ್ದೇ, ಪುಣ್ಯ. ಎತ್ತುವಾಗ ತಳಕ್ಕೆ ಕೈ ತಾಗಿತು. ನಿನ್ನೆ ಬೆಳಗಿನ ಬೂದಿ. ಬಿಸಿಯಿತ್ತು.